ಸದ್ದು ನಿಂತ್ರ ಎದ್ದು ಹೋಗಿ ನೋಡ್ರಿ

ಮಂಗಳವಾರ ಬದನೆಕಾಯಿ ಎಣ್ಣೆಗಾಯಿ ಮಾಡಿದ್ದೆ. ಮಧ್ಯಾಹ್ನ ಒಂದಕ್ಕೆ ನನ್ನ ಮೊಬೈಲಿಗೆ ಒಂದು ಮಿಸ್ ಕಾಲ್ ಬಂತು. ಒಲೆಯ ಮೇಲೆ ಹಂಚು ಇಟ್ಟೆ. ಒಂದು ಮಿಸ್ ಕಾಲ್ ಅಂದರೆ ಕೆಲಸ ಸರಿಯಾಯಿತು, ಬರುತ್ತೇನೆ, ರೊಟ್ಟಿ ಬಡಿ ಅಂತ. ಎರಡು ಬಂದರೆ ಕೆಲಸ ಕೆಟ್ಟಿದೆ, ದಾರಿ ನೋಡಬೇಡ, ನೀನು ಉಣ್ಣು ಅಂತ.

ಕಾಲು ತಾಸಿಗೆ ನಮ್ಮವರ ಸೈಕಲ್ಲು ಬಂತು. ಕೈ ತೊಳೆದು ಕೂತರು.

"ಉಪ್ಪು ಹೆಚ್ಚಾಗೈತಿ."

"ಹಂಗಾದ್ರ ಬಿಡ್ರಿ."

ಬಿಡಲಿಲ್ಲ. ನಾಲ್ಕು ರೊಟ್ಟಿ ಉಂಡರು. ಏಳುವಾಗ ಎದೆ ಉಜ್ಜಿಕೊಂಡರು. ಏನಾಯಿತು ಅಂತ ಕೇಳಿದೆ. "ಗ್ಯಾಸು. ನಿನ್ನ ಬದನಿಕಾಯಿ" ಅಂದರು. ಚಿಟಿಕೆ ಅಜವಾನ ಕೊಟ್ಟೆ. ಅದನ್ನು ಬಾಯಿಗೆ ಹಾಕಿಕೊಂಡು, ಅದರ ಮೇಲೆಯೇ ಗುಟ್ಕಾ ಚೀಟು ಹರಿದು ಸುರಿದುಕೊಂಡರು.

"ಥೂ! ದನ ಮೆಲುಕು ಹಾಕಿದಂಗ ಹಾಕ್ತೀರಿ."

"ದನಕ್ಕ ಒಬ್ಬಾಕಿ ರೊಟ್ಟಿ ಬಡೀತಾಳ ನೋಡು, ಪುಣ್ಯಾ ಮಾಡೈತಿ" ಅಂದು ನಕ್ಕರು. ಹಲ್ಲೆಲ್ಲ ಕೆಂಪು. ನನಗೆ ಹೇಸಿಗೆಯಾಗಿ ಮುಖ ತಿರುಗಿಸಿದೆ. ಸೈಕಲ್ಲು ಹತ್ತಿ ಹೋದರು. ಸಂಜೆ ಬಂದರು, ಉಂಡರು, ಮಲಗಿದರು. ನಮಗೆ ಅದೇ ಕೊನೆಯ ದಿನ ಅಂತ ಯಾರಿಗೆ ಗೊತ್ತಿತ್ತು.

ನಮ್ಮವರ ಹೆಸರು ಶಿವಪುತ್ರ. ಇಳಕಲ್ಲಿನ ನೇಕಾರರ ಮಗ. ಮಾವ ಅಂದಾನಪ್ಪ ಕುಣಿ ಮಗ್ಗದಲ್ಲಿ ಕೂತು ಸೀರೆ ನೇಯುತ್ತಿದ್ದರು. ನಮ್ಮವರೂ ಇಪ್ಪತ್ತನೇ ವರ್ಷದವರೆಗೆ ಅದೇ ಕುಣಿಯಲ್ಲಿ ಕಾಲು ಬಿಟ್ಟು ಕೂತವರು. ಪಿಯುಸಿ ಫೇಲಾದ ಮೇಲೆ ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಕ್ಲಾಸಿಗೆ ಹೋದರು. ನೇಯುವವರ ಬೆರಳು, ಬೇಗ ಕಲಿತವು. ಬಾಗಲಕೋಟೆ ನವನಗರದಲ್ಲಿ ಒಂದು ಸಾಫ್ಟ್‌ವೇರ್ ಆಫೀಸಿನವರು ಕಂಪ್ಯೂಟರು ನೋಡಿಕೊಳ್ಳಲಿಕ್ಕೆ ಇಟ್ಟುಕೊಂಡರು. ಸಾಲಿ ಕಾಲೇಜುಗಳ ಹಾಜರಿ, ಫಲಿತಾಂಶ ಅಚ್ಚು ಮಾಡುವ ಸಾಫ್ಟ್‌ವೇರ್ ಮಾಡುವ ಆಫೀಸು. ಮಾಲಕರು ಶ್ರೀನಿವಾಸ ಅಂತ, ಎಂಜಿನಿಯರು. ಅಪ್ಪ ಅಜ್ಜ ಎಲ್ಲ ಮಾಸ್ತರಿಕೆ ಮಾಡಿದ ಮನೆತನ. ನಾನು ಕಲಿತದ್ದು ಐದನೇ ಇಯತ್ತೆ. ಅವರ ಮುಂದೆ ನಿಂತು ಮಾತಾಡಲಿಕ್ಕೆ ಆಗ ನನಗೆ ಬಾಯಿ ಇರಲಿಲ್ಲ. ಈಗ ಇದೆ.

ಆಫೀಸಿನಲ್ಲಿ ನಮ್ಮವರ ಕೆಲಸ ಬಿಲ್ಡ್. ಏನದು ಅಂತ ಒಮ್ಮೆ ಕೇಳಿದ್ದೆ. ನನ್ನ ಸೀರೆಯ ಸೆರಗು ಹಿಡಿದು ತೋರಿಸಿದರು.

"ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಎಳಿಗೆ ಎಳಿ ಕುಣಿಕಿ ಹಾಕಿ ಕೂಡಸ್ತೇವಿಲ್ಲ? ಒಂದು ಕುಣಿಕಿ ತಪ್ಪಿದ್ರ ಸೆರಗು ಕೈಯಾಗ ಬರ್ತೈತಿ. ಆಫೀಸಿನಾಗ ಒಬ್ಬೊಬ್ಬರು ಒಂದೊಂದು ತುಂಡು ಬರೀತಾರ. ನಾ ಅದನ್ನೆಲ್ಲ ಕೂಡಿಸಿ ಒಂದು ಮಾಡ್ತೇನಿ. ಕೂಡಿದ್ರ ಬಿಲ್ಡ್ ಆತು. ಕೂಡಲಿಲ್ಲಂದ್ರ ಬಿಲ್ಡ್ ಹೋತು."

ಆ ಯಂತ್ರ ಇದ್ದದ್ದು ಒಳಗಿನ ಸಣ್ಣ ಕೋಣೆಯಲ್ಲಿ. ಕಿಟಕಿ ಇಲ್ಲ. ಪ್ಲೈವುಡ್ಡಿನ ಬಾಗಿಲು. ಎಸಿ ತಂಪು ಹೊರಗೆ ಹೋಗಬಾರದು ಅಂತ ಬಾಗಿಲು ಯಾವಾಗಲೂ ಮುಚ್ಚಿರಬೇಕು. ಒಳಗೆ ನಮ್ಮವರು ಒಬ್ಬರೇ. ದಿನಕ್ಕೆ ನಲವತ್ತು ಸಲ ಹೊರಗಿನವರು ಕೂಗುತ್ತಿದ್ದರು. "ಶಿವಪುತ್ರಾ, ಬಿಲ್ಡ್ ಆತೇನೋ?" ಹುಬ್ಬಳ್ಳಿಯಲ್ಲಿ ಕೂತು ಕೆಲಸ ಮಾಡುವ ಮೂರು ಜನ ಫೋನು ಮಾಡಿ ಕೇಳುತ್ತಿದ್ದರು. ನಮ್ಮವರು ಪ್ರತಿ ಸಲ ಎದ್ದು ಬಂದು ಹೇಳಬೇಕು. ಅದೇ ಅವರ ನಸೀಬು, ಅದೇ ಅವರ ಮರ್ಯಾದೆ. ಎದ್ದು ಬರುತ್ತಿದ್ದರು, ಎಲ್ಲರೂ ಅವರ ಮುಖ ನೋಡುತ್ತಿದ್ದರು.

೨೦೦೭ರ ದೀಪಾವಳಿ ಮುಗಿದ ಮೇಲೆ ಮಾಲಕರು ಹೇಳಿದರಂತೆ, "ಈ ಒದರಾಟ ಸಾಕು. ಚಾಟಿನ್ಯಾಗ ತಾನ ಹೇಳೂ ಹಂಗ ಒಂದು ಬಾಟ್ ಮಾಡು." ಚಾಟು ಅಂದರೆ ಕಂಪ್ಯೂಟರಿನಲ್ಲಿ ಎಲ್ಲರೂ ಬರೆದು ಮಾತಾಡುವ ಜಾಗ. ಬಾಟು ಅಂದರೆ ಅಲ್ಲಿ ಮನುಷ್ಯರ ಹಾಗೆ ತಾನೇ ಮಾತಾಡುವ ಒಂದು ಪ್ರೋಗ್ರಾಮು. ಹನ್ನೊಂದು ದಿನ ನಮ್ಮವರು ಅದರ ಹಿಂದೆ ಬಿದ್ದರು. ಮನೆಯಲ್ಲಿ ಉಣ್ಣುವಾಗಲೂ ಅದೇ ಮಾತು. ಮೊದಲು ಬಿಲ್ಡ್ ಹೋದಾಗ ಮಾತ್ರ ಹೇಳುವ ಹಾಗೆ ಮಾಡಿದ್ದರು. ಒಂದಿನ ಯಂತ್ರವೇ ನಿಂತುಹೋಯಿತು. ನಿಂತ ಯಂತ್ರ ಬಾಯಿ ಬಿಡಲಿಲ್ಲ. ಏನೂ ಹೇಳಲಿಲ್ಲವಲ್ಲ, ಎಲ್ಲ ಸರಿ ಇದೆ ಅಂತ ಹೊರಗಿನವರು ತಿಳಿದರು. ಅರ್ಧ ದಿನದ ಕೆಲಸ ಹಾಳಾಯಿತು.

ಆವತ್ತು ನಮ್ಮವರು ಮಗ್ಗದ ಬುದ್ಧಿ ಓಡಿಸಿದರು. ನೇಕಾರರ ಮನೆಯಲ್ಲಿ ಹೆಂಗಸರು ಒಳಗೆ ಒಲೆಯ ಮುಂದೆ ಇರುತ್ತಾರೆ, ಗಂಡಸು ಮುಂದಿನ ಪಡಸಾಲೆಯ ಕುಣಿಯಲ್ಲಿ. ಮುಖ ಕಾಣುವುದಿಲ್ಲ. ಆದರೆ ಮಗ್ಗ ಟಕ್ ಟಕ್ ಅನ್ನುತ್ತಿದ್ದರೆ ಎಲ್ಲ ಸರಿ ಅಂತ. ಸದ್ದು ನಿಂತರೆ ಹಿಟ್ಟಿನ ಕೈಯಲ್ಲಿಯೇ ಎದ್ದು ಹೋಗಿ ನೋಡಬೇಕು. ಎಳೆ ಹರಿದಿರಬಹುದು, ನೀರು ಬೇಕಾಗಿರಬಹುದು, ಏನೋ ಆಗಿರಬಹುದು. ನನ್ನ ಅತ್ತೆ ನನಗೆ ಕಲಿಸಿದ ಮೊದಲ ಪಾಠವೇ ಅದು. ನಮ್ಮವರು ಬಾಟಿಗೂ ಅದನ್ನೇ ಹಚ್ಚಿದರು. ಕೆಲಸ ಸರಿ ಇರುವ ತನಕ ತಾಸಿಗೊಮ್ಮೆ ಸರಿ ಇದೆ ಅಂತ ಹೇಳುತ್ತಲೇ ಇರಬೇಕು. ಸುಮ್ಮನಾಯಿತು ಅಂದರೆ ಯಾರಾದರೂ ಎದ್ದು ಹೋಗಬೇಕು. ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಆಫೀಸಿನ ಗೋಡೆಗೆ ಅಂಟಿಸಿದರು: ಸದ್ದು ನಿಂತ್ರ ಎದ್ದು ಹೋಗಿ ನೋಡ್ರಿ.

ಬಾಟಿಗೆ ಚಾಟಿನಲ್ಲಿ ಒಂದು ಹೆಸರು ಬೇಕು. ಹೊಸ ಹೆಸರು ಯಾಕೆ ಅಂತ ತಮ್ಮ ಹೆಸರನ್ನೇ ಕೊಟ್ಟರು. ಮಾತನ್ನೂ ತಮ್ಮದನ್ನೇ ಕೊಟ್ಟರು. ಬಿಲ್ಡ್ ಆದರೆ "ಎಲ್ಲಾ ಚಲೋ ಐತಿ". ಹೋದರೆ "ಎಳಿ ಹರೀತು, ತಡೀರಿ". ಆಫೀಸಿನವರು ಅದನ್ನು ಓದಿ ಓದಿ ನಗುತ್ತಿದ್ದರಂತೆ, ಥೇಟ್ ಶಿವಪುತ್ರನೇ ಅಂತ. ನಮ್ಮವರಿಗೆ ಹೆಮ್ಮೆ. ತಮ್ಮ ಹತ್ತಿರ ಇದ್ದ ಒಂದೇ ಮೊಬೈಲನ್ನೂ ವಾಯರು ಹಚ್ಚಿ ಆ ಯಂತ್ರಕ್ಕೆ ಕಟ್ಟಿದರು. ಮಧ್ಯಾಹ್ನ ಒಂದಕ್ಕೆ, ಸಂಜೆ ಆರಕ್ಕೆ ನನಗೆ ಮಿಸ್ ಕಾಲ್ ಕೊಡುತ್ತಿದ್ದದ್ದು ಆ ಬಾಟು.

ಸಂಕ್ರಮಣಕ್ಕೆ ಇಳಕಲ್ಲಿಗೆ ಹೋದಾಗ ಅಪ್ಪನ ಮುಂದೆ ಇದನ್ನೆಲ್ಲ ಹೇಳಿಕೊಂಡರು. ಮಾವ ಲಾಳಿ ನಿಲ್ಲಿಸಿ ಕೇಳಿದರು.

"ಲೇ ಶಿವಪುತ್ರಾ, ಮಗ್ಗ ಸದ್ದು ಮಾಡಬೇಕಂದ್ರ ಕುಣಿಯಾಗ ಕಾಲು ಬೇಕು. ನಿಂದಕ್ಕ ಕಾಲು ಎಲ್ಲಿ ಅದಾವು?"

"ಅದಕ್ಕ ಕಾಲು ಬೇಕಾಗಿಲ್ಲಪ್ಪಾ. ತಾನ ನಡೀತೈತಿ."

"ಕಾಲಿಲ್ಲದ್ದು ಮಾತಾಡಿದ್ರ ನಮ್ಮ ಓಣ್ಯಾಗ ಅದಕ್ಕ ದೆವ್ವ ಅಂತಾರ."

ಎಲ್ಲರೂ ನಕ್ಕೆವು. ನಾನೂ ನಕ್ಕೆ.

ಇನ್ನು ಆ ಬುಧವಾರದ ಮಾತಿಗೆ ಬರುತ್ತೇನೆ.

ನಮ್ಮವರು ಒಂಬತ್ತಕ್ಕೆ ಆಫೀಸಿಗೆ ಹೋದರು. ಒಂದಕ್ಕೆ ಮಿಸ್ ಕಾಲ್ ಬಂತು. ಒಂದೇ. ಹಂಚು ಇಟ್ಟು ರೊಟ್ಟಿ ಬಡಿದೆ. ಬರಲಿಲ್ಲ. ರೊಟ್ಟಿ ಆರಿ ಹಪ್ಪಳವಾದವು. ಅವರ ಮೊಬೈಲಿಗೆ ಹಚ್ಚಿದೆ. ಅದು ಯಂತ್ರಕ್ಕೆ ಕಟ್ಟಿದ್ದು, ಯಾರು ಎತ್ತುತ್ತಾರೆ? ಒಂದೂಮುಕ್ಕಾಲಿಗೆ ಆಫೀಸಿನ ಫೋನಿಗೆ ಹಚ್ಚಿದೆ. ಮಾಲಕರೇ ಎತ್ತಿದರು.

"ನಮ್ಮವರು ಅದಾರೇನ್ರಿ ಸರ್? ಊಟಕ್ಕ ಬಂದಿಲ್ಲ."

"ಅದಾನ್ರೀ ಅಕ್ಕಾರ. ಒಳಗ ಅದಾನ. ಈಗ ಒಂದಕ್ಕ ಬರದಾನ ನೋಡ್ರಿ, ಎಲ್ಲಾ ಚಲೋ ಐತಿ ಅಂತ."

"ಚಲೋ ಐತಿ ಅಂದ್ರ ಮನಿಗೆ ಯಾಕ ಬಂದಿಲ್ರಿ?"

"ಕೆಲಸ ಭಾಳ ಅದರೀ. ಬರ್ತಾನ ಬಿಡ್ರಿ."

ಒಂದು ಗೋಡೆ ಆಚೆ. ಹತ್ತು ಹೆಜ್ಜೆ. ಎದ್ದು ಹೋಗಿ ಬಾಗಿಲು ತೆಗೆಯಬಹುದಿತ್ತು. ಪರದೆ ನೋಡಿ ಉತ್ತರ ಕೊಟ್ಟರು.

ನಾನೂ ಬಿಟ್ಟೆ. ನವನಗರದ ಬಿಸಿಲಲ್ಲಿ ಹೋಗಲಿಕ್ಕೆ ಬೇಸರವಾಯಿತು. ನನಗೆ ಸಿಟ್ಟು ಬಂದಿತ್ತು. ಬರುವುದಿಲ್ಲ ಅಂದಿದ್ದರೆ ಎರಡು ಮಿಸ್ ಕಾಲ್ ಕೊಡಬೇಕಿತ್ತು ಅಂತ ಬೈದುಕೊಂಡು ಕೂತು ಉಂಡೆ. ಎರಡು ರೊಟ್ಟಿ, ಉಳಿದ ಎಣ್ಣೆಗಾಯಿ, ಮೇಲೆ ಮಜ್ಜಿಗೆ. ಹೊಟ್ಟೆ ತುಂಬ ಉಂಡೆ.

ಮಗಳು ಸಪ್ನಾ ಆಗ ಮೂರನೇ ಇಯತ್ತೆಯಲ್ಲಿದ್ದಳು. ಅವಳು ಸಾಲಿಯಿಂದ ಬಂದು ಚಹಾ ಕುಡಿದ ಮೇಲೆ ನನಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಅವಳ ಕೈ ಹಿಡಿದುಕೊಂಡು ಆಫೀಸಿಗೆ ನಡೆದೆ. ಐದೂಮುಕ್ಕಾಲು ಆಗಿತ್ತು. ನಾಲ್ಕು ಜನ ಕಂಪ್ಯೂಟರಿನ ಮುಂದೆ ಕೂತಿದ್ದರು. ಒಳಗಿನ ಬಾಗಿಲ ಹತ್ತಿರ ನೆಲದ ಮೇಲೆ ಎರಡು ಗಾಜಿನ ಲೋಟ. ಎರಡರಲ್ಲೂ ಚಹಾ ತುಂಬಿತ್ತು. ಒಂದರ ಮೇಲೆ ಕೆನೆ ಸುಕ್ಕುಗಟ್ಟಿ ಅದರಲ್ಲಿ ನೊಣ ಸತ್ತಿದ್ದವು. ಇನ್ನೊಂದಕ್ಕೆ ಇರುವೆ ಹತ್ತಿದ್ದವು. ಹನ್ನೊಂದರ ಚಹಾ, ಮೂರೂವರೆಯ ಚಹಾ. ಅವೆರಡನ್ನೂ ದಾಟಿಕೊಂಡು ಇಡೀ ದಿನ ಎಲ್ಲರೂ ನೀರು ಕುಡಿಯಲಿಕ್ಕೆ ಹೋಗಿದ್ದಾರೆ, ಬಂದಿದ್ದಾರೆ.

ನಾನು ಯಾರನ್ನೂ ಕೇಳಲಿಲ್ಲ. ಬಾಗಿಲು ನೂಕಿದೆ.

ಒಳಗೆ ಬಾವಿಯ ಹಾಗೆ ತಣ್ಣಗಿತ್ತು. ಕುರ್ಚಿ ಬಿದ್ದಿತ್ತು. ನಮ್ಮವರು ಅದರ ಪಕ್ಕದಲ್ಲಿ ಮಗ್ಗುಲಾಗಿ ಬಿದ್ದಿದ್ದರು. ಒಂದು ಕೈ ಬಾಗಿಲ ಕಡೆ ಚಾಚಿತ್ತು. ಬಾಯಿಂದ ಕೆಂಪು ಜೊಲ್ಲು ಸುರಿದು ನೆಲದ ಮೇಲೆ ಒಣಗಿತ್ತು. ರಕ್ತ ಅಂತ ಚೀರಿದೆ. ರಕ್ತವಲ್ಲ, ಗುಟ್ಕಾ.

ನಾಲ್ವರೂ ಓಡಿ ಬಂದರು. ಅವರನ್ನು ಎತ್ತಿ ಹೊರಗೆ ತರುವಾಗ ಆರು ಬಡಿಯಿತು. ಎಲ್ಲ ಕಂಪ್ಯೂಟರುಗಳೂ ಒಮ್ಮೆಲೇ ಟಿಣ್ ಅಂದವು. ಪರದೆಯ ಮೇಲೆ ನಮ್ಮವರ ಹೆಸರು, ಮುಂದೆ ಅವರ ಮಾತು. ಎಲ್ಲಾ ಚಲೋ ಐತಿ. ನನ್ನ ಕೈಚೀಲದಲ್ಲಿ ಮೊಬೈಲು ಬಡಿದುಕೊಂಡು ನಿಂತಿತು. ಒಂದೇ ಮಿಸ್ ಕಾಲ್.

ದವಾಖಾನೆಯಲ್ಲಿ ಡಾಕ್ಟರು ನೋಡಿ, ಹಾರ್ಟ್ ಅಟ್ಯಾಕು, ಹೋಗಿ ತಾಸು ಎರಡು ತಾಸು ಆಗಿದೆ ಅಂದರು. ಹನ್ನೊಂದರ ಚಹಾ ಮುಟ್ಟಿರಲಿಲ್ಲ ಅಂತ ನಾನು ಹೇಳಿದೆ. ಅವರು ಗೋಡೆಯ ಗಡಿಯಾರ ನೋಡಿದರು.

"ಹಂಗಾದ್ರ ಬಿದ್ದ ಮ್ಯಾಲೂ ನಾಲ್ಕೈದು ತಾಸು ಜೀವ ಇತ್ತವ್ವಾ. ಮಧ್ಯಾಹ್ನ ಯಾರರೆ ಕರಕೊಂಡು ಬಂದಿದ್ರ ನೋಡಬಹುದಿತ್ತು."

ನೋಡಬಹುದಿತ್ತು. ಒಂದೂಮುಕ್ಕಾಲಿಗೆ ನಾನು ಫೋನು ಮಾಡಿದಾಗ ಅವರು ಜೀವಂತ ಇದ್ದರು.

ಇಳಕಲ್ಲಿಗೆ ಒಯ್ದು ಮಣ್ಣು ಮಾಡಿದೆವು. ಮೂರನೆಯ ದಿನ ಮಂದಿಯೆಲ್ಲ ಪಡಸಾಲೆಯಲ್ಲಿ ಕೂತಿದ್ದರು. ಮಧ್ಯಾಹ್ನ ಒಂದಕ್ಕೆ ನನ್ನ ಮೊಬೈಲು ಬಡಿಯಿತು. ಸಪ್ನಾ ಓಡಿ ಹೋಗಿ ಎತ್ತಿಕೊಂಡಳು. ಆ ನಂಬರಿಗೆ ಅಪ್ಪ ಅಂತ ಅವಳೇ ಬರೆದಿಟ್ಟಿದ್ದಳು.

"ಅವ್ವಾ, ಅಪ್ಪಾಂದು! ಅಪ್ಪಾಂದು ಬಂತು!"

ಮಾವ ಮಗ್ಗದ ಕಂಬಕ್ಕೆ ಹಣೆ ಜಜ್ಜಿಕೊಂಡರು. ನಾನು ಮೊಬೈಲು ಕಸಿದುಕೊಂಡು ಅಕ್ಕಿಯ ಡಬ್ಬಿಯೊಳಗೆ ಹುಗಿದೆ. ಸಂಜೆ ಆರಕ್ಕೆ ಅಕ್ಕಿಯೊಳಗೂ ಬಡಿಯಿತು.

ಹನ್ನೆರಡನೆಯ ದಿನ ಬಾಗಲಕೋಟೆಗೆ ಬಂದು ನೆಟ್ಟಗೆ ಆಫೀಸಿಗೆ ಹೋದೆ. ಇನ್ನೂ ಬೋಳು ಹಣೆ ತೋರಿಸಲಿಕ್ಕೆ ಮೈ ಹಿಡಿಯಾಗುತ್ತಿದ್ದ ದಿನಗಳು. ಆದರೂ ಹೋದೆ. ಮಾಲಕರು ಎದ್ದು ನಿಂತು ಕೈ ಮುಗಿದರು. ಕುರ್ಚಿ ಹಾಕಿಸಿದರು. ನಾನು ಕೂಡಲಿಲ್ಲ.

"ಅದನ್ನ ಬಂದ್ ಮಾಡ್ರಿ."

"ಬಂದ್ ಮಾಡೋಣ್ರೀ ಅಕ್ಕಾರ. ಆದ್ರ ಅದರ ಒಳಗಿಂದು ಎಲ್ಲಾ ಅವಗ ಒಬ್ಬಗ ಗೊತ್ತಿತ್ತು. ಈಗ ಪರೀಕ್ಷಾ ಹೊತ್ತು, ಸಾಲ್ಯಾವರು ತಲಿ ಮ್ಯಾಲ ಕೂತಾರ. ಅದು ನಿಂತ್ರ ಬಿಲ್ಡ್ ಆತೋ ಇಲ್ಲೋ ಯಾರಿಗೂ ತಿಳಿಯೂದಿಲ್ಲ. ಒಂದು ತಿಂಗಳು ತಡೀರಿ."

"ಹೆಸರರೆ ತಗೀರಿ."

ಮಾಲಕರು ದನಿ ಮೆತ್ತಗೆ ಮಾಡಿದರು. "ಖರೆ ಹೇಳ್ಲೇನ್ರಿ? ಆ ಹೆಸರು ನೋಡಿದ್ರ ನಮಗ ಸಮಾಧಾನ ಆಗ್ತದ. ಶಿವಪುತ್ರ ಇನ್ನೂ ನಮ್ಮ ಸಂಗಟ ಇದ್ದಂಗ ಅನಸ್ತದ. ಹುಬ್ಬಳ್ಳಿಯವರೂ ಹಂಗ ಅಂದ್ರು."

ಇದ್ದಾಗ ಬಾಗಿಲು ತೆಗೆದು ನೋಡಲಿಲ್ಲ. ಸತ್ತ ಮೇಲೆ ಅವರ ಮಾತು ಬೇಕಂತೆ, ಸಮಾಧಾನಕ್ಕೆ.

"ಸರ್, ಸತ್ತಾವನ ಬಾಯಾಗ ಮಾತು ಹಾಕಿ ದುಡಿಸ್ಕೊಳ್ಳಾಕ ಹತ್ತೀರಿ. ಸಮಾಧಾನ ಅಂತೀರಿ ಅದಕ್ಕ. ಥೂ."

ಹೇಳಿ ಒಳಗೆ ಹೋದೆ. ವಾಯರು ಕಿತ್ತು ನಮ್ಮವರ ಮೊಬೈಲು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಯಾರೂ ತಡೆಯಲಿಲ್ಲ. ಗೋಡೆಯ ಮೇಲೆ ಅವರು ಬರೆದ ಹಾಳೆ ಹಾಗೇ ಇತ್ತು. ಸದ್ದು ನಿಂತ್ರ ಎದ್ದು ಹೋಗಿ ನೋಡ್ರಿ. ಓದಿದೆ. ತಪ್ಪು ಆಫೀಸಿನವರದು ಅಷ್ಟೇ ಅಲ್ಲ, ನಮ್ಮವರದೂ ಇತ್ತು. ಕಾಲಿಲ್ಲದ್ದಕ್ಕೆ ಕಾಲಿದ್ದವರ ನೇಮ ಹಚ್ಚಿದರು. ನೇಕಾರ ಕುಣಿಯಲ್ಲಿ ಬಿದ್ದರೆ ಮಗ್ಗ ಆ ಕ್ಷಣಕ್ಕೆ ನಿಲ್ಲುತ್ತದೆ. ಇವರು ಬಿದ್ದರು, ಇವರ ಸದ್ದು ನಿಲ್ಲಲಿಲ್ಲ.

ಹೊರಗೆ ಬರುವಾಗ ಅಲ್ಲಿ ಕೆಲಸ ಮಾಡುವ ಪ್ರಾಚಿ ಅನ್ನುವ ಹುಡುಗಿ ಹಿಂದೆಯೇ ಬಂದಳು. ಅಳುತ್ತಿದ್ದಳು.

"ಅಕ್ಕಾ, ಚಹಾ ಇಟ್ಟಾಕಿ ನಾನ. ಬಾಗಲಾ ಬಡದೆ. ಓ ಅನಲಿಲ್ಲ. ಹೊಳ್ಳಿ ಬಂದು ಸ್ಕ್ರೀನ್ ನೋಡಿದೆ. ಚಲೋ ಐತಿ ಅಂತಿತ್ತು. ಕೆಲಸದಾಗ ಇರಬೇಕು ಅಂದ್ಕೊಂಡೆ."

"ಮೂರೂವರಿಗೆ ಮತ್ತೊಂದು ಇಟ್ಟಾಗ ಮೊದಲಿಂದು ಕಾಣಲಿಲ್ಲೇನು ನಿನಗ?"

"ಕಂಡಿತ್ತು."

ನಾನು ಬೈಯಲಿಲ್ಲ. ಅವಳೊಬ್ಬಳೇ ಖರೆ ಹೇಳಿದವಳು.

ನನಗೆ ಎರಡು ಬೇಕಿದ್ದವು. ಬಾಟಿನಿಂದ ನಮ್ಮವರ ಹೆಸರು ಹೋಗಬೇಕು. ಆ ಬಾಗಿಲಿಗೆ ಗಾಜು ಹಾಕಿಸಬೇಕು, ಒಳಗಿದ್ದವರು ಹೊರಗಿನವರಿಗೆ ಕಾಣಬೇಕು. ಮರುದಿನ ಹೋಗಿ ಆಫೀಸಿನ ಮೆಟ್ಟಿಲ ಮೇಲೆ ಕೂತೆ. ಗಾಜು ಹಾಕಿದರೆ ಎಸಿ ತಂಪು ನಿಲ್ಲುವುದಿಲ್ಲ ಅಂದರು. ಕೂತೆ. ಮನೆಗೆ ಹೋಗಿರಿ, ಮಂದಿ ನೋಡುತ್ತಾರೆ ಅಂದರು. ಮಂದಿ ನೋಡಲಿ ಅಂತಲೇ ಕೂತಿದ್ದೆ. ಸಾಲಿಯ ಹೆಡ್‌ಮಾಸ್ತರರು ಬಂದವರು, ಯಾರು ಈಕೆ ಅಂತ ಕೇಳಿದರು. ಮೂರನೆಯ ದಿನ ಪ್ರಾಚಿ ಬಂದು ಪಕ್ಕದಲ್ಲಿ ಕೂತಳು.

"ಅಕ್ಕಾ, ಬಾಟ್ ನಾ ಬಿಚ್ಚೇನಿ. ತಿಳೀತು. ಹೆಸರು ತಗದೆ. ಈಗ ಯಂತ್ರ ಅಂತ ಇಟ್ಟೇನಿ. ಏನು ಹೇಳಸಲಿ ಅದರ ಕಡಿಂದ?"

ನಾನು ಹೇಳಿದೆ. ಅವಳು ಅದನ್ನೇ ಬರೆದಳು. ಅವತ್ತಿನಿಂದ ತಾಸಿಗೊಮ್ಮೆ ಎಲ್ಲರ ಪರದೆಯ ಮೇಲೆ ಬರುತ್ತಿತ್ತು: ಬಿಲ್ಡ್ ಆತು. ನಾ ಯಂತ್ರ. ಒಳಗ ಮನಷ್ಯಾ ಅದಾನೋ ಇಲ್ಲೋ ನನಗ ಗೊತ್ತಿಲ್ಲ.

ಹುಬ್ಬಳ್ಳಿಯವರು ನಗುತ್ತಾರೆ ಅಂತ ಮಾಲಕರು ಅಂದರು. ನಗಲಿ ಅಂದೆ. ನಾಲ್ಕನೆಯ ದಿನ ಮಾಲಕರೇ ಕರೆಸಿದ ಬಡಿಗ ಕಾಳಪ್ಪ ಬಂದು ಪ್ಲೈವುಡ್ಡು ಕೊರೆದು ಎದೆಯ ಮಟ್ಟಕ್ಕೆ ಒಂದು ಗಾಜು ಕೂಡಿಸಿದ. ನಾನು ಹೇಳಿದ್ದು ಎದೆಯ ಮಟ್ಟಕ್ಕಲ್ಲ. ಕೆಳಗಿನ ತನಕ ಕೊರಿ ಅಂದೆ, ಬಿದ್ದವರು ಕಾಣುವುದು ನೆಲದ ಮೇಲೆ. ಕಾಳಪ್ಪ ನನ್ನ ಮುಖ ನೋಡಿ, ಮಾಲಕರನ್ನು ಕೇಳದೆ ಕೆಳಗಿನ ತನಕ ಕೊರೆದ.

ಆ ಆಫೀಸಿನಲ್ಲಿಯೇ ಕಸ ಹೊಡೆಯುವ ಕೆಲಸ ಕೊಡುತ್ತೇನೆ ಅಂತ ಮಾಲಕರು ಕೇಳಿದರು. ಹೂಂ ಅಂದೆ. ಹೊಟ್ಟೆಗಾಗಿ ಹೂಂ ಅಂದೆ, ಸುಳ್ಳು ಯಾಕೆ ಹೇಳಲಿ. ಮಗಳ ಸಾಲಿ ಇತ್ತು. ನಾಚಿಕೆ ಇಲ್ಲೇನು ನಿನಗೆ ಅಂತ ನಮ್ಮ ಮಂದಿ ಉಗುಳಿದರು. ಗಂಡ ಸತ್ತ ನೆಲ ಒರೆಸುತ್ತೀ ಅಂದರು. ಹೌದು, ಒರೆಸುತ್ತೇನೆ. ಮೊದಲ ದಿನ ನೀರು ಹಾಕಿ ತಿಕ್ಕಿ ಆ ಕೆಂಪು ಕಲೆ ತೆಗೆದವಳು ನಾನೇ. ಹದಿನೈದು ದಿನ ಅದನ್ನು ಯಾರೂ ಮುಟ್ಟಿರಲಿಲ್ಲ. ಮೇಲೆ ಒಂದು ಗೋಣಿಚೀಲ ಹಾಸಿದ್ದರು.

ಇದೆಲ್ಲ ಆಗಿ ಎರಡು ವರ್ಷ ಆಯಿತು. ಪ್ರಾಚಿ ಮದುವೆಯಾಗಿ ಧಾರವಾಡಕ್ಕೆ ಹೋದಳು. ಅವಳು ಹೋದ ವಾರಕ್ಕೇ ನಾನು ಹೇಳಿಸಿದ ಮಾತು ತೆಗೆದರು. ಈಗ ಬಾಟು ಇಂಗ್ಲಿಷಿನಲ್ಲಿ ಎರಡು ಅಕ್ಷರ ಹೇಳುತ್ತದೆ, ಓಕೆ ಅಂತ. ಗೋಡೆಯ ಹಾಳೆ ಸುಣ್ಣ ಹೊಡೆಯುವಾಗ ಹೋಯಿತು. ಒಳಗೆ ಈಗ ಬೇರೆ ಮನುಷ್ಯ ಕೂಡುತ್ತಾನೆ, ಶಂಭು ಅಂತ. ಅವನೂ ಗುಟ್ಕಾ ತಿನ್ನುತ್ತಾನೆ.

ಗಾಜು ಉಳಿದಿದೆ. ಆದರೆ ಮಂದಿಗೆ ಖಾಲಿ ಗಾಜು ಕಂಡರೆ ಆಗುವುದಿಲ್ಲ. ರಜೆಯ ಪಟ್ಟಿ ಅಂಟಿಸುತ್ತಾರೆ. ಕ್ಯಾಲೆಂಡರು ಅಂಟಿಸುತ್ತಾರೆ. ಬಾಗಿಲು ಮುಚ್ಚಿರಿ ಅಂತ ಚೀಟಿ ಅಂಟಿಸುತ್ತಾರೆ. ಬೆಳಿಗ್ಗೆ ಎಂಟೂವರೆಗೆ ಬೀಗ ತೆಗೆದ ಕೂಡಲೇ ಹಿಂದಿನ ದಿನ ಅಂಟಿಸಿದ್ದನ್ನು ಉಗುರಿನಿಂದ ಕೆರೆದು ತೆಗೆಯುತ್ತೇನೆ. ಅಂಟು ಹೋಗದಿದ್ದರೆ ಸೀಮೆಎಣ್ಣೆ ಹಚ್ಚುತ್ತೇನೆ. ಹಳೆ ಪೇಪರು ನೀರಲ್ಲಿ ಅದ್ದಿ, ಮೇಲಿಂದ ಕೆಳಗಿನ ತನಕ ಒರೆಸುತ್ತೇನೆ. ಕುಕ್ಕರಗಾಲಲ್ಲಿ ಕೂತು ಒಳಗಿನ ನೆಲ ಕಾಣುತ್ತದೋ ಇಲ್ಲವೋ ನೋಡುತ್ತೇನೆ. ಆಮೇಲೆ ಕಸಬರಿಗೆ ಹಿಡಿಯುತ್ತೇನೆ.